ಸಂಪಿಗೆ, ನಂದಿಬಟ್ಟಲು, ಒಂದು ಚೂರು ಇಂಗು

ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಎಂಬ ಗಾದೆ ನಿಮಗೂ ಗೊತ್ತಿರುತ್ತದೆ. ನಮ್ಮ ಮನೆಯಲ್ಲಿ ತೆಂಗಿಗೆ ಬರವಿಲ್ಲ. ಇಂಗು ಮಾತ್ರ ನಲವತ್ತು ವರ್ಷಗಳಿಂದ ಹೊಸ್ತಿಲು ದಾಟಿ ಒಳಗೆ ಬಂದಿರಲಿಲ್ಲ. ನನಗೆ ಅದು ಆಗುವುದಿಲ್ಲ, ಹೊಟ್ಟೆ ತೊಳಸುತ್ತದೆ ಎಂದು ಮದುವೆಯಾದ ಹೊಸದರಲ್ಲೇ ಹೆಂಡತಿಗೆ ಹೇಳಿದ್ದೆ. ಅವಳು ಪಾಪ, ನಂಬಿದಳು. ಬರೀ ಸಾಸಿವೆ ಕರಿಬೇವಿನಲ್ಲೇ ಇಷ್ಟು ವರ್ಷ ಒಗ್ಗರಣೆ ಹಾಕಿದಳು. ಬೀಗರ ಮನೆಗೆ ಹೋದರೆ ನಾನು ಸಾರನ್ನು ಬಾಯಿಗಿಂತ ಮೊದಲು ಮೂಗಿಗೆ ತೋರಿಸುತ್ತೇನೆ. "ನಮ್ಮ ಬೀಗರು ಸಾರು ಉಣ್ಣಲ್ಲ, ಮೂಸ್ತಾರೆ" ಎಂದು ಅವರು ನಗುತ್ತಾರೆ. ನಗಲಿ.

ಹೋದ ಬೇಸಿಗೆಯಲ್ಲಿ ಆ ಇಂಗು ಮೊಮ್ಮಗಳ ಹೊಟ್ಟೆಯ ಮೇಲೆ ಕುಳಿತು ಮನೆಯೊಳಗೆ ಬಂತು. ಸೊಸೆ ಸುಜಾತ ಮಾಲೂರು ತಾಲ್ಲೂಕಿನ ಲಕ್ಕೂರಿನ ಕಡೆಯವಳು. ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಗೌನಿಪಲ್ಲಿಯ ಹತ್ತಿರದ ನಮ್ಮ ಹಳ್ಳಿಗೆ ಮಗುವಿನೊಂದಿಗೆ ಬಂದಿದ್ದಳು. ಎಳೆ ಮಗು ಹೊಟ್ಟೆ ಉಬ್ಬರಿಸಿಕೊಂಡು ಅತ್ತರೆ ಇಂಗನ್ನು ನೀರಿನಲ್ಲಿ ತೇಯ್ದು ಹೊಕ್ಕುಳಿನ ಸುತ್ತ ಹಚ್ಚುವುದು ನಮ್ಮಲ್ಲಿ ವಾಡಿಕೆ. "ಮಾವ, ನಿಮ್ಮ ಮೊಮ್ಮಗಳು ತಗೊಳ್ಳಿ" ಎಂದು ಮಗುವನ್ನು ನನ್ನ ಕೈಗೆ ಕೊಟ್ಟಳು. ಆ ಎಳೆಯ ಮೈಯಿಂದ, ಹಾಲಿನ ವಾಸನೆಯ ಅಡಿಯಿಂದ, ಇಂಗಿನ ವಾಸನೆ ಎದ್ದು ನನ್ನ ಮುಖಕ್ಕೆ ಹೊಡೆಯಿತು. ಮಗುವನ್ನು ಹೆಂಡತಿಯ ಮಡಿಲಿಗೆ ದಾಟಿಸಿ ಹೊರಗೆ ಬಂದು ಜಗಲಿಯ ಮೇಲೆ ಕುಳಿತೆ.

"ಮಗೂನ ಎತ್ಕೊಳ್ಳೋಕೂ ಬರಲ್ವಾ ಇವ್ರಿಗೆ! ಮೊಮ್ಮಗಳೇನು ಕಚ್ತಾಳಾ?" ಎಂದು ಒಳಗಿನಿಂದ ಹೆಂಡತಿ ಬೈಯುತ್ತಿದ್ದಳು.

ಸುಜಾತ ತವರಿನಿಂದ ಇನ್ನೊಂದನ್ನೂ ತಂದಿದ್ದಳು. ಅವರ ಹಿತ್ತಲಿನ ಸಂಪಿಗೆ ಮರದ ಬೀಜ ಬಿದ್ದು ಹುಟ್ಟಿದ ಸಸಿ. ಹಳೆಯ ಎಣ್ಣೆ ಡಬ್ಬದಲ್ಲಿ ಗೇಣುದ್ದ ನಿಂತಿತ್ತು, ಮೈಮೇಲೆ ನಾಲ್ಕಾರು ಎಲೆ. ಅದನ್ನು ನೋಡಿದ್ದೇ ತಡ ನಾನು ಮಗನಿಗೆ ಹೇಳಿ ಮುಳಬಾಗಿಲಿನ ನರ್ಸರಿಯಿಂದ ಒಂದು ನಂದಿಬಟ್ಟಲು ಗಿಡ ತರಿಸಿದೆ. ಎರಡೂ ಗೋಡೆಯ ಪಕ್ಕದಲ್ಲಿ ಅಕ್ಕಪಕ್ಕ ಕುಳಿತವು, ಹೆಣ್ಣು ನೋಡಲು ಬಂದವರ ಎದುರು ಅಕ್ಕತಂಗಿಯರು ಕುಳಿತ ಹಾಗೆ.

"ಜಾಗ ಒಂದೇ ಇರೋದು ಮಾವ. ಮರ ಹಾಕೋಣ್ವಾ, ಗಿಡ ಹಾಕೋಣ್ವಾ?" ಎಂದು ಸುಜಾತ ಕೇಳಿದಳು.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. 'ವ್ಯತ್ಯಾಸ ಬರೆಯಿರಿ' ಎಂಬ ಪ್ರಶ್ನೆಯಲ್ಲಿ ನನಗೆ ಯಾವತ್ತೂ ಅಂಕ ಹೋದದ್ದಿಲ್ಲ. ನೆಟ್ಟಗೆ ಕುಳಿತು ಶುರು ಮಾಡಿದೆ. ನಂದಿಬಟ್ಟಲು ಮನುಷ್ಯನ ಎದೆಯ ಎತ್ತರಕ್ಕೆ ಬಂದು ನಿಂತುಬಿಡುತ್ತದೆ. ಕತ್ತರಿಸಿದರೆ ಬೇಜಾರು ಮಾಡಿಕೊಳ್ಳದೆ ಚಿಗುರುತ್ತದೆ. ವರ್ಷವಿಡೀ ಬಿಳಿ ಹೂ. ಎಲೆ ಮುರಿದರೆ ಹಾಲು ಬರುವುದರಿಂದ ಮೇಕೆಯೂ ಬಾಯಿ ಹಾಕುವುದಿಲ್ಲ. ಕಣ್ಣು ಉರಿದರೆ ಹೂವನ್ನು ರೆಪ್ಪೆಯ ಮೇಲಿಟ್ಟುಕೊಂಡು ಮಲಗಬಹುದು. ಬೇರು ಗೋಡೆಯ ತಂಟೆಗೆ ಹೋಗುವುದಿಲ್ಲ, ವಾಸನೆ ಪಕ್ಕದ ಮನೆಗೆ ಹೋಗುವುದಿಲ್ಲ. ಸಂಪಿಗೆ ಹಾಗಲ್ಲ. ಬೀಜದ ಸಸಿ ಹೂ ಬಿಡಲು ಎಂಟು ಹತ್ತು ವರ್ಷ ಕಾಯಿಸುತ್ತದೆ. ಬಿಟ್ಟರೂ ತುದಿಯಲ್ಲಿ, ಕೈಗೆ ಎಟುಕದ ಕಡೆ. ಎಲೆಯ ಮರೆಯಲ್ಲಿ ಹೂ ಕಾಣಿಸುವುದೇ ಇಲ್ಲ, ವಾಸನೆ ಮಾತ್ರ ಯಾರನ್ನೂ ಕೇಳದೆ ಗೋಡೆ ಹಾರಿ ಮನೆಯೊಳಗೆ ನುಗ್ಗುತ್ತದೆ.

"ನಂದಿಬಟ್ಟಲು ಹೂವ ನಿಂತ್ಕೊಂಡು ಕೀಳಬಹುದಮ್ಮ. ಸಂಪಿಗೆ ಹೂವಿಗೆ ಮರ ಹತ್ಬೇಕು. ನಮ್ಮನೇಲಿ ಹತ್ತೋರು ಯಾರಿದ್ದಾರೆ?" ಎಂದು ಮುಗಿಸಿದೆ.

"ಅಯ್ಯೋ ಮಾವ, ನಾನು ಕೇಳಿದ್ದು ಒಂದು ಮಾತು. ನೀವು ಸಂಪಿಗೆ ಮೇಲೆ ಕೇಸೇ ಹಾಕ್ಬಿಟ್ರಲ್ಲ!" ಎಂದು ಸುಜಾತ ನಕ್ಕಳು. ನಗು ನಿಲ್ಲಿಸಿ ಅಂದಳು, "ಪಕ್ಕದ ಮನೆ ಅಜ್ಜೀನೂ ಮರ ಬೇಡ ಅಂದ್ರು. ಕರಿಬೇವು ಕೇಳೋಕೆ ಹೋಗಿದ್ದೆ. ಗೋಡೆ ಆಚೆ ಮೊದ್ಲು ದೊಡ್ಡ ಸಂಪಿಗೆ ಇತ್ತಂತೆ. ಅವರೇ ಬೈದು ಒಣಗಿಸಿಬಿಟ್ರಂತೆ. ಇನ್ನೊಂದು ಮರ ನನ್ನ ಕಣ್ಣಿಗೆ ಬೀಳೋದು ಬೇಡ ತಾಯಿ ಅಂದ್ರು."

ರಾಗಿ ಕೇರುತ್ತಿದ್ದ ನನ್ನ ಹೆಂಡತಿಯ ಕೈಯಲ್ಲಿ ಮೊರ ನಿಂತುಹೋಯಿತು. "ಮಗೂನೂ ಎತ್ಕೊಂಡು ಹೋಗಿದ್ಯಾ ಅಲ್ಲಿಗೆ?"

"ಹೂಂ ಅತ್ತೆ."

"ಅವಳು ಮಗೂಗೆ ಏನಾದ್ರೂ ಅಂದ್ಲಾ? ನೆನಪು ಮಾಡ್ಕೊಂಡು ಹೇಳೇ!"

"ಏನೂ ಅನ್ನಲಿಲ್ಲ. ಮಗೂನ ನೋಡಿದ್ದೇ ಸೆರಗು ಬಾಯಿಗೆ ಒತ್ಕೊಂಡು ಬಾಗಿಲು ಹಾಕ್ಕೊಂಡ್ರು."

ಹೆಂಡತಿ ಎದ್ದು ಉಪ್ಪು ಮೆಣಸಿನಕಾಯಿ ತರಲು ಒಳಗೆ ಓಡಿದಳು, ದೃಷ್ಟಿ ತೆಗೆಯಲು.

ಆ ಅಜ್ಜಿಯ ಹೆಸರು ಮುನಿರತ್ನಮ್ಮ. ನನಗೆ ರತ್ನಕ್ಕ. ನನಗಿಂತ ಸ್ವಲ್ಪ ದೊಡ್ಡವಳು. ಅವಳದು ಕರಿನಾಲಿಗೆ, ಅವಳ ಬಾಯಿಂದ ಬಂದ ಕೆಟ್ಟ ಮಾತು ನಿಜವಾಗುತ್ತದೆ ಎಂದು ನಮ್ಮೂರು ನಂಬಿದೆ. ಸಾಕ್ಷಿ ಬೇಕೇ? ಮರ ಒಣಗಿದ್ದು ಮೊದಲನೆಯದು. ಆಮೇಲೆ ಒಬ್ಬ ಹುಡುಗ ಹೊಸ ಟ್ರ್ಯಾಕ್ಟರ್ ಓಡಿಸಿಕೊಂಡು ಹೋಗುವಾಗ "ಮೆಲ್ಲಗೆ ಕಣಪ್ಪ, ಉರುಳ್ಕೊಂಡೀಯ" ಎಂದಳಂತೆ, ಅದು ಕುಂಟೆಯ ನೀರಿಗೆ ಉರುಳಿತು. ಮದುವೆಯ ಚಪ್ಪರ ನೋಡಿ "ಗಾಳಿ ಬಂದ್ರೆ ನಿಲ್ಲುತ್ತಾ ಇದು?" ಎಂದಳಂತೆ, ಊಟದ ಹೊತ್ತಿಗೆ ಸರಿಯಾಗಿ ಗಾಳಿ ಬಂತು. ಅವಳು ಹೇಳಿ ಆಗದೇ ಹೋದ ಮಾತುಗಳನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಊರಿಗಿಂತ ಹೆಚ್ಚಾಗಿ ನಂಬಿದವಳು ಅವಳೇ. ಬರುಬರುತ್ತಾ ಮಾತನ್ನು ಅರ್ಧಕ್ಕೆ ನಿಲ್ಲಿಸುವುದನ್ನು ಕಲಿತಳು. "ಮಳೆ ಇವತ್ತು…" ಎಂದು ಸೆರಗಿನ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಳ್ಳುವಳು. ಉಳಿದದ್ದನ್ನು ಕೇಳುವವರೇ ತುಂಬಿಕೊಳ್ಳಬೇಕು. ಇಳಿಬಿಸಿಲಿನಲ್ಲಿ ಬಾಯಿಗೆ ಸೆರಗು ಕಚ್ಚಿಕೊಂಡು, ಗೋಡೆಯ ಅಂಚಿನಲ್ಲೇ, ಹೆಜ್ಜೆಯ ಸಪ್ಪಳವಿಲ್ಲದೆ ಅವಳು ಬರುವುದನ್ನು ಕಂಡರೆ ಬೀದಿಯಲ್ಲಿ ಆಡುವ ಮಕ್ಕಳು ಆಟ ಬಿಟ್ಟು ಓಡುತ್ತಿದ್ದವು. ಒಬ್ಬಳೇ ಮಗಳ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಅವಳು ಅಡುಗೆಯ ಕೊಳಗಗಳ ಹಿಂದೆ ಕುಳಿತಿದ್ದಳು. ಆ ಮಗಳಿಗೆ ಮುಳಬಾಗಿಲಿನಲ್ಲಿ ಹೆರಿಗೆಯಾದಾಗ ಬಸ್ಸು ಹತ್ತಿ ಆಸ್ಪತ್ರೆಯ ಗೇಟಿನವರೆಗೆ ಹೋಗಿ, ನಿಂತು, ವಾಪಸು ಬಂದಳು. "ನೋಡಿದ್ ಕೂಡ್ಲೇ ಬಾಯಿಗೆ ಏನಾದ್ರೂ ಬಂದ್ಬಿಟ್ರೆ…" ಎಂದು ನನ್ನ ಹೆಂಡತಿಗೆ ಹೇಳಿದ್ದಳಂತೆ.

ಆ ಮರ ಯಾಕೆ ಒಣಗಿತೆಂದು ಊರಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. ಅಷ್ಟು ಗೊತ್ತಿದ್ದೂ ನನ್ನ ಮಗ ಕೈಗೂಸಾಗಿದ್ದಾಗ, ರತ್ನಕ್ಕ ಬೀದಿಯಲ್ಲಿ ಕಂಡರೆ ನಾನೂ ಅವನನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಈ ವಾಕ್ಯ ಬರೆದು ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಅಂಗಳದಲ್ಲಿ ಓಡಾಡಿ ಬಂದೆ.

ಆಗ ನಮ್ಮದು ರೇಷ್ಮೆ ಹುಳದ ಮನೆ. ಇದ್ದ ಎರಡು ಕೋಣೆಯಲ್ಲಿ ದೊಡ್ಡದು ಹುಳಕ್ಕೆ, ಚಿಕ್ಕದು ನಮಗೆ. ಹುಳಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ನೀವು ಕೇಳಿದ್ದೀರಾ? ಮಳೆ ಬಂದ ಹಾಗೆಯೇ ಇರುತ್ತದೆ. ಹೊರಗೆ ಬಂದು ನೋಡಿದರೆ ಆಕಾಶ ಬಿಳಿಚಿಕೊಂಡಿರುತ್ತದೆ. ಹುಳಕ್ಕೆ ಗಾಟು ವಾಸನೆ ಆಗುವುದಿಲ್ಲ ಎಂದು ಊದುಬತ್ತಿ ಹಚ್ಚುವಂತಿರಲಿಲ್ಲ, ಪೌಡರ್ ಹಾಕುವಂತಿರಲಿಲ್ಲ. ಇಂಗಿನ ಒಗ್ಗರಣೆಯಂತೂ ಆಗಲೇ ನಿಷಿದ್ಧ. ಹೊಸ ಮದುಮಗಳಾಗಿ ಬಂದ ಹೆಂಡತಿಗೆ ಹೂ ಮುಡಿಯಬೇಡ ಎಂದು ಅಪ್ಪಣೆ ಮಾಡಿದ ಗಂಡ ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಅವಳ ಮುಖ ನೋಡಿದ್ದಕ್ಕಿಂತ ಹುಳದ ಮುಖ ನೋಡಿದ್ದೇ ಹೆಚ್ಚು.

ಪಕ್ಕದ ಮನೆಯ ಸಂಪಿಗೆ ಗೋಡೆಗೆ ಒತ್ತಿಕೊಂಡೇ ಬೆಳೆದಿತ್ತು. ರತ್ನಕ್ಕನ ಗಂಡ ಮುನಿಶಾಮಣ್ಣನಿಗೆ ಆ ಮರವೆಂದರೆ ಪ್ರಾಣ. ದೊಡ್ಡ ದನಿಯ ಮನುಷ್ಯ. ಸಂಜೆ ಸರಸರನೆ ಹತ್ತಿ ಪಂಚೆಯ ಮಡಿಲು ತುಂಬಾ ಹೂ ತರುತ್ತಿದ್ದ. "ಏನ್ಲಾ ರಾಮಪ್ಪ, ನಿನ್ನ ಹುಳ ಮಲಗಿದ್ವಾ? ಜೋಗುಳ ಹಾಡ್ಲಾ?" ಎಂದು ಮರದ ಮೇಲಿನಿಂದಲೇ ರೇಗಿಸುತ್ತಿದ್ದ. ರತ್ನಕ್ಕ ಗೋಡೆಯ ಮೇಲಿನಿಂದ ಕೈ ಚಾಚಿ ಒಂದು ಬೊಗಸೆ ಹೂ ನನ್ನ ಹೆಂಡತಿಗೆ ಕೊಡುತ್ತಿದ್ದಳು. ಇವಳು ನನಗೆ ಹೆದರಿ ಅದನ್ನು ಕೊಟ್ಟಿಗೆಯ ಗೂಟಕ್ಕೆ ಸಿಕ್ಕಿಸುತ್ತಿದ್ದಳು. ನಮ್ಮ ಹಸು ಅದೃಷ್ಟವಂತ ಹಸು.

ಒಂದು ಬೆಳೆ ಹುಳ ಕೈಕೊಟ್ಟಿತು. ಗೂಡು ಕಟ್ಟಲು ಬಿದಿರಿನ ಚಂದ್ರಂಕಿಗೆ ಬಿಟ್ಟ ಹುಳಗಳು ಕಪ್ಪಾಗಿ, ಒದ್ದೆ ದಾರದ ಹಾಗೆ ತಲೆಕೆಳಗಾಗಿ ನೇತುಬಿದ್ದವು. ಮುಂದಿನ ಬೆಳೆಯೂ ಹಾಗೇ ಆಯಿತು. ನನಗೆ ಕಾರಣ ಸಿಕ್ಕಿಬಿಟ್ಟಿತ್ತು. ಸಂಪಿಗೆಯ ವಾಸನೆ. ಮುನಿಶಾಮಣ್ಣನಿಗೆ ಮರ ಕಡಿ ಎಂದರೆ ನಗುತ್ತಾನೆ. ಟೀ ಅಂಗಡಿಯಲ್ಲಿ ಹಿಂದೆ ಯಾರೋ ಹೇಳಿದ್ದು ನೆನಪಿತ್ತು: ಬೈರಿಗೆಯಲ್ಲಿ ಮರಕ್ಕೆ ತೂತು ಕೊರೆದು ಇಂಗು ತುಂಬಿ ಮುಚ್ಚಿದರೆ, ಮರ ಕೂಗದೆ ಸಾಯುತ್ತದೆ.

ಶ್ರೀನಿವಾಸಪುರದ ಅಂಗಡಿಯಲ್ಲಿ ಒಂದು ಚೂರು ಗಟ್ಟಿ ಇಂಗು ತಂದೆ. ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವರ ಮನೆಯವರೆಲ್ಲ ಯಾವುದೋ ನಾಮಕರಣಕ್ಕೆ ಹೋಗಿದ್ದರು. ನನ್ನವಳು ತವರಿನಲ್ಲಿದ್ದಳು. ಗೋಡೆ ಹತ್ತಿ, ನಮ್ಮ ಕಡೆಗೆ ಮುಖ ಮಾಡಿದ್ದ ಮಗ್ಗುಲಲ್ಲಿ ಬೈರಿಗೆ ಇಟ್ಟೆ. ಒಳಗಿನಿಂದ ಬಂದ ಪುಡಿ ಹಸಿಯಾಗಿ, ಬೆಚ್ಚಗಿತ್ತು. ಇಂಗು ತುರುಕಿ ಜೇಡಿಮಣ್ಣು ಮೆತ್ತಿದೆ. ಸುತ್ತ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಕೈ ತೊಳೆದುಕೊಂಡು ಹುಳದ ಕೋಣೆಗೆ ಹೋದೆ. ಮಳೆಯ ಸದ್ದು ನಿಂತುಹೋಗಿತ್ತು. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು ತಲೆ ಎತ್ತಿ ಕಲ್ಲಿನ ಹಾಗೆ ಕೂರುತ್ತದೆ, ಅದಕ್ಕೆ ಜ್ವರ ಎನ್ನುತ್ತೇವೆ. ಅದು ಜ್ವರದ ದಿನ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ, ತಟ್ಟೆ ತಟ್ಟೆಯಲ್ಲಿ ಸಾವಿರಾರು ಬಿಳಿ ತಲೆಗಳು ಒಟ್ಟಿಗೆ ಮೇಲೆದ್ದು, ನನ್ನ ಕೈಯನ್ನು ಮೂಸಿ ನೋಡಿದ ಹಾಗೆ ನಿಂತಿದ್ದವು. ಅವತ್ತಿನಿಂದ ನನಗೆ ಇಂಗು ಆಗುವುದಿಲ್ಲ.

ಆಷಾಢದಲ್ಲಿ ಒಂದು ಸಂಜೆ ನಾನು ಸೊಪ್ಪು ಕತ್ತರಿಸುತ್ತಿದ್ದೆ. ಎಂದಿನಂತೆ ಮುನಿಶಾಮಣ್ಣ ಮೇಲಿನಿಂದ "ಏನ್ಲಾ ರಾಮಪ್ಪ" ಎಂದ. ಮುಂದಿನ ಮಾತಿನ ಬದಲು ಕೊಂಬೆ ಮುರಿದ ಸದ್ದು ಬಂತು. ಮಾವು ಸಾಗಿಸುವ ಲಾರಿಯಲ್ಲೇ ಕೋಲಾರದ ಆಸ್ಪತ್ರೆಗೆ ಒಯ್ದೆವು. ನಾನೂ ಹೋಗಿದ್ದೆ, ಅವನ ತಲೆ ನನ್ನ ತೊಡೆಯ ಮೇಲಿತ್ತು. ಅವನು ಬದುಕಿ ವಾಪಸು ಬರಲಿಲ್ಲ. ಮಾರನೆಯ ದಿನ ಮುರಿದು ಬಿದ್ದ ಕೊಂಬೆಯನ್ನು ನೋಡಿದೆ. ಮುರಿದ ಕಡೆ ರಸವಿರಲಿಲ್ಲ. ಸೀಮೆಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಒಣಗಿತ್ತು.

ಮಣ್ಣು ಮಾಡಿ ಬಂದ ಮೇಲೆ ರತ್ನಕ್ಕ ಕೂದಲು ಬಿಚ್ಚಿಕೊಂಡು ಮರದ ಕೆಳಗೆ ನಿಂತು, ಊರೆಲ್ಲ ಕೇಳುವ ಹಾಗೆ ಕನ್ನಡಕ್ಕೆ ತೆಲುಗು ಬೆರೆಸಿ ಕೂಗಿದಳು. "ಎಂಡಿಪೋ! ನನ್ನ ಗಂಡನ್ನ ತಿಂದ್ಯಲ್ಲ, ನೀನೂ ಎಂಡಿಪೋ!" ಒಣಗಿಹೋಗು ಎಂದು. ಆ ತಿಂಗಳೇ ಎಲೆ ಉದುರತೊಡಗಿತು. ದಸರೆಯ ಹೊತ್ತಿಗೆ ಮರ ಎಲುಬಾಗಿ ನಿಂತಿತ್ತು. ಕಾಗೆಯೂ ಅದರ ಮೇಲೆ ಕೂರುತ್ತಿರಲಿಲ್ಲ. "ಅವಳ ಬಾಯಿ ನೋಡ್ರಪ್ಪ" ಎಂದು ಜನ ಪಿಸುಗುಟ್ಟಿದಾಗ ನನಗಾದದ್ದು ದುಃಖವಲ್ಲ, ನಿರಾಳ. ಅದನ್ನೂ ಬರೆದುಬಿಡುತ್ತೇನೆ.

ಮುಂದಿನ ಬೆಳೆ ಹುಳವೂ ಸತ್ತಿತು. ರೇಷ್ಮೆ ಇಲಾಖೆಯವರು ಬಂದು ನೋಡಿ, "ತಟ್ಟೆ ತೊಳೆದು ಬಿಸಿಲಿಗಿಟ್ಟು ಎಷ್ಟು ಕಾಲ ಆಯ್ತ್ರೀ? ಇದು ಸಪ್ಪೆ ರೋಗ. ಹೂವಿನ ವಾಸನೆಗೂ ಇದಕ್ಕೂ ಏನ್ರೀ ಸಂಬಂಧ?" ಎಂದು ಬೈದು ಹೋದರು. ನಾನು ಹುಳ ಸಾಕುವುದನ್ನೇ ಬಿಟ್ಟೆ. ಮರವನ್ನು ಯಾರೋ ಸೌದೆಗೆ ಕಡಿದರು, ಬುಡ ಗೆದ್ದಲು ತಿಂದು ಮಣ್ಣಾಯಿತು.

ಆದರೆ ಮೊದಲ ಮಳೆ ಬಿದ್ದ ಸಂಜೆಗಳಲ್ಲಿ ಇವತ್ತಿಗೂ ಹೆಂಡತಿ ದೀಪ ಹಚ್ಚುತ್ತಾ ತಟಕ್ಕನೆ ನಿಲ್ಲುತ್ತಾಳೆ. "ಸಂಪಿಗೆ ವಾಸನೆ ಬರ್ತಿದೆ, ಅಲ್ವಾ?" ಬೀದಿಯಲ್ಲಿ ಹೋಗುವವರೂ ನಿಂತು ಗೋಡೆಯ ಕಡೆ ತಿರುಗುವುದನ್ನು ನೋಡಿದ್ದೇನೆ. ಸುತ್ತಮುತ್ತ ಎಲ್ಲೂ ಸಂಪಿಗೆ ಮರವಿಲ್ಲ. ನನಗೆ ಮಾತ್ರ ಆ ಹೊತ್ತಿನಲ್ಲಿ ಬರುವುದು ಇಂಗಿನ ವಾಸನೆ.

ಇಷ್ಟು ದಿನ ಹೇಳದ್ದನ್ನು ಈಗೇಕೆ ಹೇಳಹೊರಟೆ ಎಂದರೆ, ಆ ಬಾಗಿಲು ಹಾಕಿಕೊಂಡ ಸಂಗತಿ. ಎಷ್ಟೋ ವರ್ಷಗಳ ಮೇಲೆ ಒಂದು ಮಗು ತಾಯಿಯ ತೋಳಿನಲ್ಲಿ ಅವಳ ಹೊಸ್ತಿಲಿಗೆ ಹೋಗಿತ್ತು. ಮಾರನೆಯ ಸಂಜೆ ಅವಳ ಮನೆಗೆ ಹೋದೆ. ರತ್ನಕ್ಕ ಜಗಲಿಯ ಮೇಲೆ ಕುಳಿತಿದ್ದಳು. ಸೆರಗು ಬಾಯಿಗೆ ಹೋಯಿತು.

"ರತ್ನಕ್ಕ, ಆ ಮರ ನೀನು ಬೈದಿದ್ದಕ್ಕೆ ಒಣಗಿದ್ದಲ್ಲ. ನಾನು ತೂತು ಕೊರೆದು ಇಂಗಿಟ್ಟಿದ್ದೆ. ಹುಳಕ್ಕೆ ವಾಸನೆ ಆಗಲ್ಲ ಅಂತ."

ಅವಳು ನನ್ನನ್ನೇ ನೋಡಿದಳು. ಸೆರಗಿನ ಹಿಂದಿನಿಂದ ಒಂದು ಸದ್ದು ಬಂತು. ಅದು ನಗು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಇಂಗಿಗೆ ಅಷ್ಟು ದೊಡ್ಡ ಮರ ಸಾಯ್ತದೇನೋ? ಮುದುಕಿಗೆ ಸಮಾಧಾನ ಆಗ್ಲಿ ಅಂತ ಸುಳ್ಳು ಹೊತ್ಕೊಂಡು ಬಂದಿದ್ದೀಯ. ಒಳ್ಳೇ ಮನಸು ಕಣೋ ನಿಂದು. ದೇವ್ರು ನಿನ್ನ…" ಎಂದು ಅಲ್ಲಿಗೇ ಕಚ್ಚಿ ಹಿಡಿದಳು.

ನಿಜ ಹೇಳಿದವನಿಗೆ ಸುಳ್ಳುಗಾರನೆಂಬ ಹೊಗಳಿಕೆ ಸಿಕ್ಕಿತು. ಯಾವಾಗ ಇಟ್ಟೆ ಎಂದು ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ.

ಬೆಳಿಗ್ಗೆ ಹಾಲಿನ ಡೈರಿಯ ಹತ್ತಿರ ಕ್ಯಾನು ಹಿಡಿದು ನಿಂತವರ ಮುಂದೆಯೂ ಹೇಳಿದೆ. "ಇಂಗು ತಿಂದ ಮಂಗ ಕೇಳಿದ್ದೆ, ಇಂಗು ತಿಂದ ಮರ ಇವತ್ತೇ ಕೇಳಿದ್ದು" ಎಂದು ಒಬ್ಬ ನಕ್ಕ. "ರಾಮಪ್ಪಂಗೆ ವಯಸ್ಸಾಯ್ತು ಬಿಡ್ರೋ" ಎಂದ ಇನ್ನೊಬ್ಬ. ನಲವತ್ತು ವರ್ಷ ಹೆದರಿಕೊಂಡು ಬಂದ ಕಥೆಯನ್ನು ಒಂದು ಚೂರು ಇಂಗಿಗೆ ಬಿಟ್ಟುಕೊಡಲು ಯಾರೂ ತಯಾರಿರಲಿಲ್ಲ.

ಹಾಗಾಗಿ ನನಗೊಂದು ಉಪಾಯ ಹೊಳೆಯಿತು. ನಂದಿಬಟ್ಟಲನ್ನು ಗೋಡೆಯ ಪಕ್ಕದಲ್ಲಿ ನೆಟ್ಟು ರತ್ನಕ್ಕನನ್ನು ಗೋಡೆಯ ಹತ್ತಿರ ಕರೆದೆ.

"ಅವತ್ತು ಮರಕ್ಕೆ ಅಂದ ಮಾತನ್ನೇ ಇದಕ್ಕೂ ಅನ್ನು. ಒಣಗಿದ್ರೆ ನಿನ್ನ ನಾಲಿಗೆ. ಒಣಗದಿದ್ರೆ ನನ್ನ ಇಂಗು."

"ಬೇಡ ಕಣೋ. ಹಸಿ ಗಿಡ, ಪಾಪ…"

"ಅನ್ನಕ್ಕ. ನಿನ್ನ ಕಾಲು ಹಿಡ್ಕೊಳ್ಳಲಾ?"

ಅವಳು ಹತ್ತಿರದಲ್ಲಿ ಮಗು ಇಲ್ಲವೆಂದು ಅತ್ತಿತ್ತ ನೋಡಿಕೊಂಡು ಸೆರಗು ಇಳಿಸಿದಳು. ಎಷ್ಟೋ ವರ್ಷಗಳಿಂದ ನಾನು ಅವಳ ಬಾಯನ್ನೇ ನೋಡಿರಲಿಲ್ಲ. ಚಿಕ್ಕದಾಗಿ, ಒಳಗೆ ಹೋಗಿದ್ದ ತುಟಿಗಳು. ಮಗುವಿಗೆ ಮಲಗು ಎನ್ನುವಷ್ಟು ಮೆಲ್ಲಗೆ ಅಂದಳು: "ಎಂಡಿಪೋ."

ಒಂದು ವಾರ ಕಳೆಯುವ ಮೊದಲೇ ಎಲೆ ಹಳದಿಯಾಯಿತು. ಆಮೇಲೆ ಒಂದೊಂದೇ ಉದುರಿ, ಬರೀ ಕಡ್ಡಿ ಉಳಿಯಿತು. ಬೇಸಿಗೆಯಲ್ಲಿ ನೆಟ್ಟ ಗಿಡ ಹಾಗೆ ಮಾಡುತ್ತದೆ ಎಂದು ಮಗ ಹೇಳಿದ. ನಾನು ಹೊತ್ತಿಗೊಂದು ಸಲ ಹೋಗಿ ಉಗುರಿನಲ್ಲಿ ತೊಗಟೆ ಕೆರೆದು ಹಸಿರಿದೆಯೇ ಎಂದು ನೋಡುವುದು, ಬಿಂದಿಗೆಗಟ್ಟಲೆ ನೀರು ಸುರಿಯುವುದು. "ಮೊಮ್ಮಗಳಿಗೆ ಇಷ್ಟು ಉಪಚಾರ ಮಾಡಿದ್ರೆ ಆಗಿತ್ತು" ಎಂದು ಹೆಂಡತಿಯ ಗೊಣಗಾಟ.

ಒಂದು ಮಧ್ಯಾಹ್ನ ಬಿಂದಿಗೆ ಎತ್ತಿದವನು ಹಾಗೇ ನಿಂತೆ. ಈ ಗಿಡ ಒಣಗಿದರೆ ಏನಾಗುತ್ತದೆ? ರತ್ನಕ್ಕನ ನಾಲಿಗೆ ನಿಜವೆಂದಾಗುತ್ತದೆ. ಹಾಗಾದರೆ ಆ ಮರವನ್ನು ಕೊಂದದ್ದು ಅವಳ ಮಾತು, ನನ್ನ ಇಂಗಲ್ಲ. ಹಾಗಾದರೆ ಕೊಂಬೆಯನ್ನು ಒಣಗಿಸಿದ್ದೂ ನಾನಲ್ಲ. ಆ ಕಡ್ಡಿ ಸತ್ತರೆ ನಾನು ಶುದ್ಧ. ಬಿಂದಿಗೆಯನ್ನು ವಾಪಸು ತಂದು ಇಟ್ಟೆ. ಅವತ್ತಿನಿಂದ ನೀರು ಹಾಕಲಿಲ್ಲ. ಓದುಗರೇ, ಎಪ್ಪತ್ತು ದಾಟಿದ ಮೇಲೂ ಮನುಷ್ಯ ಹೇಗೆ ಅದೇ ಹಳೆಯ ಮನುಷ್ಯನಾಗಿಯೇ ಉಳಿದಿರುತ್ತಾನೆ ನೋಡಿ.

ಆದರೆ ಬುಡದ ಮಣ್ಣು ಒಣಗಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ತೇವ. ಸುಜಾತಳನ್ನು ಕೇಳಿದೆ, ಇಲ್ಲವೆಂದಳು. ಹೆಂಡತಿಯನ್ನು ಕೇಳಿದೆ, "ನಿಮ್ಮ ಗಿಡದ ಹುಚ್ಚು ನನಗ್ಯಾಕೆ?" ಎಂದಳು. ಮಳೆ ಬಂದಿರಲಿಲ್ಲ. ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಎದ್ದು ಕೊಟ್ಟಿಗೆಯ ಮರೆಯಲ್ಲಿ ನಿಂತೆ. ಗೋಡೆಯ ಮೇಲಿನಿಂದ ಒಂದು ಕೈ ಬಂತು. ಬಳೆಯಿಲ್ಲದ, ಒಣಗಿದ ಕೈ. ಅದರಲ್ಲೊಂದು ಚೊಂಬು. ನೀರು ಸಣ್ಣಗೆ ಬುಡಕ್ಕೆ ಬಿತ್ತು. ಆ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತ್ತು. ಗೋಡೆಯ ಆಚೆಯಿಂದ ಪಿಸುಮಾತು ಕೇಳಿಸಿತು. "ಬತುಕು ತಲ್ಲೀ. ಬತುಕು." ಬದುಕು ತಾಯಿ ಎಂದು ಅವಳು ಗಿಡಕ್ಕೆ ಹೇಳುತ್ತಿದ್ದಳು.

ಬೊಗಸೆ ಹೂ ಕೊಡುತ್ತಿದ್ದ ಕೈ ಅದೇ. ನಾನು ಒಳಗೆ ಹೋಗಿ ಬಿಂದಿಗೆ ತಂದೆ.

ಮಳೆ ಹಿಡಿದ ಮೇಲೆ ಕಡ್ಡಿಯ ಗೆಣ್ಣಿನಲ್ಲಿ ಸಾಸಿವೆಯಷ್ಟು ಹಸಿರು ಕಾಣಿಸಿತು. ಶ್ರಾವಣದಲ್ಲಿ ಒಂದು ಹೂ ಬಿಟ್ಟಿತು. ಐದು ಎಸಳು, ಗಾಳಿಪಟದ ಬಾಲದ ಹಾಗೆ ಸ್ವಲ್ಪ ತಿರುಚಿಕೊಂಡದ್ದು. ಸುಜಾತಳೇ ಹೋಗಿ ಕೈಹಿಡಿದು ರತ್ನಕ್ಕನನ್ನು ಕರೆತಂದಳು. ಅವಳು ಎಷ್ಟೋ ಹೊತ್ತು ಹೂವನ್ನು ಮುಟ್ಟದೆ ನೋಡಿದಳು. ಆಮೇಲೆ ನಮ್ಮ ಜಗಲಿಯ ಮೇಲೆ ಕುಳಿತಳು. ಸುಜಾತ ಮಗುವನ್ನು ತಂದು ಅವಳ ಮಡಿಲಿಗೆ ಹಾಕಿದಳು. ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ನನ್ನ ಹೆಂಡತಿ ಒಂದು ಹೆಜ್ಜೆ ಮುಂದೆ ಬಂದಳು, ಅಲ್ಲೇ ನಿಂತಳು.

ರತ್ನಕ್ಕನಿಗೆ ಮಗು ಹಿಡಿಯುವುದು ಮರೆತುಹೋಗಿತ್ತು. ತುಂಬಿದ ಪಾತ್ರೆ ಹಿಡಿದವಳ ಹಾಗೆ ಎರಡೂ ಕೈ ಗಟ್ಟಿ ಮಾಡಿಕೊಂಡಿದ್ದಳು. ಬಗ್ಗಿ ನೆತ್ತಿ ಮೂಸಿದಳು, ಹೊಟ್ಟೆ ಮೂಸಿದಳು.

"ಇಂಗಿನ ವಾಸನೆ" ಎಂದಳು. ತಲೆ ಎತ್ತಿ ನನ್ನನ್ನು ನೋಡಿದಳು. ಏನೋ ಲೆಕ್ಕ ಕೂಡಿಬಂದ ಹಾಗೆ ಕಣ್ಣು ನಿಂತುಹೋಯಿತು. "ಗಿಡ ಒಣಗಲಿಲ್ಲ. ಅಂದ್ರೆ ನೀನು ಇಂಗಿಟ್ಟಿದ್ದು ದಿಟ. ಯಾವಾಗ ಇಟ್ಟೆ ರಾಮಪ್ಪ? ನಮ್ಮೋರು ಬೀಳೋಕೆ ಮುಂಚೇನಾ, ಆಮೇಲಾ?"

ಆಮೇಲೆ ಎಂದುಬಿಡಬಹುದಿತ್ತು. ಅವಳು ನಂಬುತ್ತಿದ್ದಳು. ಯಾರಿಗೂ ಏನೂ ನಷ್ಟವಿರಲಿಲ್ಲ. ನಾಲಿಗೆ ಅದಕ್ಕೆ ತಯಾರಾಗಿಯೂ ಇತ್ತು.

"ಮುಂಚೆ" ಎಂದೆ. "ಯುಗಾದಿ ಆದ್ಮೇಲೆ. ನೀವ್ಯಾರೂ ಮನೇಲಿರಲಿಲ್ಲ. ಮುರಿದ ಕೊಂಬೆ ನಾನು ನೋಡಿದೆ ಅಕ್ಕ. ಒಣಗಿತ್ತು."

ಹೆಂಡತಿಯ ಕೈಯಿಂದ ಸೌಟು ಬಿತ್ತು. ಅದನ್ನು ಯಾರೂ ಎತ್ತಲಿಲ್ಲ. ಮಗು ರತ್ನಕ್ಕನ ಸೆರಗಿನ ತುದಿ ಹಿಡಿದು ತನ್ನ ಬಾಯಿಗೆ ಇಟ್ಟುಕೊಂಡಿತು. ಅವಳು ಬಿಡಿಸಿಕೊಳ್ಳಲಿಲ್ಲ. ಅಳಲೂ ಇಲ್ಲ. ಕೊನೆಗೆ ಸುಜಾತಳ ಕಡೆ ತಿರುಗಿದಳು.

"ಆ ಸಂಪಿಗೆ ಸಸಿ ಇನ್ನೂ ಐತೇನಮ್ಮಾ?"

"ಇದೆ ಅಜ್ಜಿ. ಡಬ್ಬದಲ್ಲೇ ಇದೆ."

"ನಮ್ಮ ಮರ ಇದ್ದ ಜಾಗದಾಗೆ ನೆಡಿಸು. ನಿಮ್ಮ ಮಾವನ ಕೈಲೇ." ಆಮೇಲೆ ನನ್ನನ್ನು ನೋಡಿ, ಸೆರಗಿಲ್ಲದ ಬಾಯಲ್ಲಿ, ಎಲ್ಲೂ ನಿಲ್ಲಿಸದೆ ಅಂದಳು: "ಅದು ಹೂ ಬಿಡೋ ತನಕ ನೀನು ಸಾಯಲ್ಲ ರಾಮಪ್ಪ. ಮೊದಲ್ನೇ ಹೂವ ನೀನೇ ಮರ ಹತ್ತಿ ಕಿತ್ಕೊಂಡು ಬಂದು ನನ್ನ ಕೈಗೆ ಕೊಡ್ತೀಯ."

ಮಗುವನ್ನು ಸುಜಾತಳಿಗೆ ಕೊಟ್ಟು ಎದ್ದು ಹೋದಳು.

ಅವತ್ತಿನ ಸಾರಿಗೆ ಹೆಂಡತಿ ಇಂಗಿನ ಒಗ್ಗರಣೆ ಹಾಕಿ ಬಡಿಸಿದಳು. ನಾನು ಮೂಸದೆ ಉಂಡೆ. ಈಗ ದಿನವೂ ಹಾಕುತ್ತಾಳೆ.

ರತ್ನಕ್ಕನ ನಾಲಿಗೆಯಲ್ಲಿ ಏನೂ ಇಲ್ಲ ಎಂದು ನಾನೇ ಗಿಡ ನೆಟ್ಟು ಊರಿಗೆ ತೋರಿಸಿದ್ದೇನೆ. ಡೈರಿಯ ಹತ್ತಿರ ಈಗಲೂ ಅದನ್ನೇ ಹೇಳುತ್ತೇನೆ. ಬೀದಿಯ ಮಕ್ಕಳು ಮೊದಲಿನಷ್ಟು ಓಡುವುದಿಲ್ಲ. ಅವಳ ಮಾತು ಬರೀ ಮಾತು. ನನಗೆ ಮನೆಯ ಮೆಟ್ಟಿಲು ಹತ್ತಲು ಗೋಡೆ ಹಿಡಿಯಬೇಕು, ಇನ್ನು ಎಂಟು ಹತ್ತು ವರ್ಷದ ಮಾತು ದೂರವೇ ಉಳಿಯಿತು. ಆದರೂ ಬೆಳಿಗ್ಗೆ ಚೊಂಬು ಹಿಡಿದು ಅವಳ ಗೇಟು ತೆಗೆದು ಹೋಗುತ್ತೇನೆ. ಸಸಿ ಈಗ ನನ್ನ ಮಂಡಿಯ ಎತ್ತರ. ನೀರು ಹಾಕುವಾಗ ಅವಳು ಹಿಂದೆ ಬಂದು ನಿಲ್ಲುವುದು ಗೊತ್ತಾಗುತ್ತದೆ. "ಬತುಕು" ಎನ್ನುತ್ತಾಳೆ. ಯಾರಿಗೆ ಹೇಳಿದ್ದೆಂದು ನಾನು ತಿರುಗಿ ನೋಡುವುದಿಲ್ಲ. ನಾಳೆ ಯಾವ ಕೊಂಬೆಗೆ ಮೊದಲು ಕಾಲಿಡಬೇಕಾಗುತ್ತದೆ ಎಂದು ಬಗ್ಗಿ ಸಸಿಯನ್ನೇ ನೋಡುತ್ತೇನೆ.

ಇನ್ನೂ ಕೊಂಬೆ ಒಡೆದಿಲ್ಲ.